ಶೀನಮಾವನ ಕೈಮಾತು

ನಾನು ಐದನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಕುಕ್ಕುಂದೂರಿನ ರಸ್ತೆಗೆ ಪ್ರತಿ ಬೇಸಗೆಯಲ್ಲೂ ಡಾಮರು ಹಾಕುತ್ತಿದ್ದರು, ಪ್ರತಿ ಮಳೆಗಾಲದಲ್ಲೂ ಅದು ಕಿತ್ತು ಹೋಗುತ್ತಿತ್ತು. ಹಾಗಾಗಿ ಬೇಸಗೆ ರಜೆ ಎಂದರೆ ನಮಗೆ ಗೇರುಹಣ್ಣಿನ ಘಾಟು, ಕುದಿಯುವ ಡಾಮರಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬರುವ ಕಾಲ. ರಸ್ತೆ ಬದಿಯಲ್ಲಿ ಬಿದ್ದ ಡಾಮರಿನ ಚೂರುಗಳನ್ನು ಹೆಕ್ಕಿ, ಬಿಸಿಲಿಗಿಟ್ಟು ಮೆದು ಮಾಡಿ, ಉಂಡೆ ಕಟ್ಟಿ ಆಡುತ್ತಿದ್ದೆವು. ಉಗುರಿನೊಳಗಿನ ಕಪ್ಪನ್ನು ಅಮ್ಮ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆಯುತ್ತಿದ್ದರು.

ಆ ಡಾಮರು ಕಾಯಿಸುವ ಕೆಲಸ ನನ್ನ ಮಾವನದು. ಶೀನಮಾವ ಅಮ್ಮನ ತಮ್ಮ. ಹುಟ್ಟಿದ್ದು ಕಾಪುವಿನ ಕಡಲ ಬದಿಯಲ್ಲಿ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬರಲಿಲ್ಲ. ದೋಣಿಯಲ್ಲಿ ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳಲೇಬೇಕು, ಆದ್ದರಿಂದ ಯಾರೂ ಅವನನ್ನು ಮೀನಿಗೆ ಕರೆದುಕೊಂಡು ಹೋಗಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವನನ್ನು ನಮ್ಮ ಮನೆಗೆ ಕರೆತಂದರು. ಅಮ್ಮನಿಗೆ ಬೀಡಿ ಕಟ್ಟುವುದರಲ್ಲಿ ಕೈಗೆ ಬಿಡುವಿರಲಿಲ್ಲ. ಮಾವನ ಜೊತೆ ಮಾತಾಡಲು ಉಳಿದವಳು ನಾನೊಬ್ಬಳೇ.

ನಾವಿಬ್ಬರೂ ಸೇರಿ ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದೆವು. ಬೀಡಿ ಸುರುಳಿ ಸುತ್ತುವಂತೆ ಬೆರಳಾಡಿಸಿದರೆ ಅಮ್ಮ. ಮುಂಗೈ ಮೇಲೆ ಅಡ್ಡಗೆರೆ ಎಳೆದರೆ ಬಂಗುಡೆ ಮೀನು. ಕೆನ್ನೆಯ ಗುಳಿಗೆ ಬೆರಳು ಒತ್ತಿದರೆ ನಾನು. ರಾತ್ರಿ ಗಂಜಿಗೆ ಒಣಮೀನಿನ ಚಟ್ನಿ ನೆಂಚಿಕೊಳ್ಳುತ್ತ ಅವನು ಇಡೀ ದಿನದ ಕಥೆಯನ್ನು ಕೈಯಲ್ಲೇ ಹೇಳುತ್ತಿದ್ದ. ರೋಲರಿನ ಡ್ರೈವರ್ ತೂಕಡಿಸಿದ್ದು, ಕಂಟ್ರಾಕ್ಟರರ ಪಂಚೆ ಡಾಮರಿಗೆ ಅಂಟಿದ್ದು. ನಕ್ಕು ನಕ್ಕು ನನಗೆ ಗಂಜಿ ನೆತ್ತಿಗೇರುತ್ತಿತ್ತು.

ಆ ವರ್ಷ ಘಟ್ಟದ ಮೇಲಿನ ಯಾವುದೋ ಕಾಲೇಜಿನ ಲೆಕ್ಚರರ್ ಒಬ್ಬರು ಬಂದರು. ಮಣಿಪಾಲದಲ್ಲಿ ರೂಮು ಮಾಡಿಕೊಂಡಿದ್ದರು, ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ಡಾಮರಿಗೆ ರಬ್ಬರ್ ಪುಡಿ ಬೆರೆಸಿದರೆ ರಸ್ತೆ ಮಳೆಗೆ ಕಿತ್ತು ಹೋಗುವುದಿಲ್ಲ ಎಂಬುದು ಅವರ ಸಂಶೋಧನೆ. ಅದಕ್ಕೆಂದು ನಮ್ಮ ಮನೆಯ ಎದುರಿನ ಒಂದು ಫರ್ಲಾಂಗು ರಸ್ತೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ರಬ್ಬರ್ ಎಂದರೆ ಎಂತದು ಎಂದು ನಾನು ಕೇಳಿದಾಗ, ಬಸ್ಸಿನಲ್ಲಿ ಕಂಡ ಶಂಕರಪುರದ ಮಲ್ಲಿಗೆ ಚೆಂಡಿನ ಮಾತು ತೆಗೆದರು. "ಒಂದು ಹೂವಿಗೆ ಇನ್ನೊಂದು ಹೂ ಕಟ್ಟುತ್ತಾ ಹೋಗ್ತಾರಲ್ಲ, ಹಾಗೆ ಕಣ್ಣಿಗೆ ಕಾಣದ ಕಣಗಳು ಉದ್ದಕ್ಕೆ ಕಟ್ಟಿಕೊಂಡಿರ್ತವೆ. ಅದಕ್ಕೆ ಪಾಲಿಮರ್ ಅಂತಾರೆ ಕಣಮ್ಮ," ಎಂದರು. ಆ ಪದವನ್ನು ನಾನು ವಾರವಿಡೀ ಹೇಳಿಕೊಂಡು ತಿರುಗಿದೆ.

ಮಿಶ್ರಣದ ಹದ ಅವರಿಗೆ ಸಿಗುತ್ತಿರಲಿಲ್ಲ. ಥರ್ಮಾಮೀಟರ್ ಎರಡು ಸಲ ಒಡೆದಿತ್ತು. ಶೀನಮಾವನಿಗೆ ಥರ್ಮಾಮೀಟರ್ ಬೇಕಿರಲಿಲ್ಲ. ಹೊಗೆ ಬಿಳಿಯಿಂದ ನೀಲಿಗೆ ತಿರುಗುವ ಮೊದಲೇ ಬೆಂಕಿ ಎಳೆಯುತ್ತಿದ್ದ. ಕಲಕುವ ಉದ್ದ ಕೋಲಿನ ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದು, ಕುದಿತವನ್ನು ಎಲುಬಿನಲ್ಲೇ ಕೇಳಿಸಿಕೊಳ್ಳುತ್ತಿದ್ದ. ಲೆಕ್ಚರರಿಗೆ ಇದು ಗೊತ್ತಾದದ್ದೇ ನನ್ನನ್ನು ಕರೆಸಿದರು.

"ನಿನ್ನ ಮಾವ ಏನು ನೋಡ್ತಾನೆ, ಹೇಗೆ ತಿಳಿಯುತ್ತೆ, ಎಲ್ಲಾ ಕೇಳಿ ಹೇಳು. ನೀನೇ ನನ್ನ ಅಸಿಸ್ಟೆಂಟ್."

ನಾನು ಹಿಗ್ಗಿಹೋದೆ. ಇಡೀ ರಜೆ ಕಲ್ಲಾಟ ಬಿಟ್ಟು ಡಾಮರು ಕಾಯಿಸುವ ಡ್ರಮ್ಮಿನ ಬಳಿ ನಿಂತೆ. ಮಾವ ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ, ಅವರು ಬರೆದುಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ನನಗೆ ಪೆಪ್ಪರಮಿಂಟು ತರುತ್ತಿದ್ದರು. ಮಾವನ ಎದುರು ಕುಕ್ಕರುಗಾಲಲ್ಲಿ ಕೂತು, ಗಂಜಿ ಊಟ ಆಯಿತಾ ಎಂದು ಸನ್ನೆಯಲ್ಲಿ ಕೇಳುವುದನ್ನೂ ಕಲಿತಿದ್ದರು.

ಒಂದು ದಿನ ಅವರು ಹೇಳಿದರು, "ಇವನಿಗೆ ನಮ್ಮ ಲ್ಯಾಬಿನಲ್ಲಿ ಪರ್ಮನೆಂಟ್ ಕೆಲಸ ಕೊಡಿಸ್ತೀನಿ. ಹೇಳು ಅವನಿಗೆ."

ಪರ್ಮನೆಂಟ್ ಎನ್ನುವುದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ. ಮಳೆಗಾಲದಲ್ಲಿ ಡಾಮರಿನ ಕೆಲಸ ನಿಂತು ಮಾವ ನಾಲ್ಕು ತಿಂಗಳು ಸುಮ್ಮನೆ ಕೂರುತ್ತಿದ್ದ. ಅದಕ್ಕೆ ಬೆರಳುಗಳಲ್ಲಿ ಮಳೆ ಸುರಿಸಿ, ಆ ಮಳೆಯ ಕೆಳಗೆ ತುಂಬಿದ ಗಂಜಿ ಪಾತ್ರೆ ತೋರಿಸಿದೆ. ಮಾವ ನನ್ನ ಮುಖವನ್ನೇ ನೋಡಿದ. ನಿಜವಾ ಎಂದು ಕೇಳಿದ. ಲೆಕ್ಚರರ್ ಆಗಲೇ ಪುಸ್ತಕಕ್ಕೆ ತಲೆ ತಗ್ಗಿಸಿದ್ದರು. ನಾನು ಅವರನ್ನು ಕೇಳಲಿಲ್ಲ. ಮಾವನ ಕೈ ತೆಗೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಆಣೆ ಹಾಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೇ ತಿಂಗಳ ಕೊನೆಯ ಪತ್ತನಾಜೆ ಹತ್ತಿರ ಬಂತು. ಆಮೇಲೆ ಯಾವಾಗ ಬೇಕಾದರೂ ಮಳೆ ಹಿಡಿಯಬಹುದು, ಕೆಲಸ ನಿಲ್ಲುತ್ತದೆ. ಇನ್ನು ಹತ್ತಿಪ್ಪತ್ತು ಗಜ ಬಾಕಿ ಇರುವಾಗ ಒಂದು ಸಂಜೆ ಗುಡುಗಿ ಮಳೆ ಹೊಡೆದು ರಬ್ಬರ್ ಪುಡಿಯ ಗೋಣಿಗಳು ನೆನೆದವು. ಮರುದಿನ ಬೆಳಿಗ್ಗೆ ಮಾವ ಗೋಣಿಯೊಳಗೆ ಕೈ ಹಾಕಿ, ಒದ್ದೆ ಪುಡಿಯನ್ನು ಹಿಂಡಿ ತೋರಿಸಿದ. ಎರಡೂ ಕೈಗಳನ್ನು ಎದೆಯಿಂದ ಮೇಲಕ್ಕೆ ಉಕ್ಕಿಸಿ ಹೊರಗೆ ಚೆಲ್ಲಿದ.

"ಒದ್ದೆ ಉಂಟಂತೆ ಸರ್. ಹಾಕಿದರೆ ಉಕ್ಕಿ ಮೇಲೆ ಬರ್ತದಂತೆ. ಎರಡು ದಿನ ಒಣಗಬೇಕಂತೆ," ಎಂದೆ.

ಅವರು ಆಕಾಶ ನೋಡಿದರು. "ಎರಡು ದಿನ ಎಲ್ಲಿದೆ? ಸ್ವಲ್ಪ ಸ್ವಲ್ಪವೇ ಹಾಕಿದರೆ ಏನೂ ಆಗಲ್ಲ, ನಾನು ಲೆಕ್ಕ ಹಾಕಿದ್ದೀನಿ. ಇವತ್ತು ಮುಗಿಯದಿದ್ದರೆ ನನ್ನ ಎರಡು ವರ್ಷದ ಕೆಲಸ ಹೋಯಿತು. ಅವನ ಲ್ಯಾಬಿನ ಕೆಲಸವೂ ಇಲ್ಲ ಅಂತ ಹೇಳು."

ನಾನು ಹೇಳಿದೆ. ಮಳೆ ಸುರಿಸಿದೆ, ಗಂಜಿ ಪಾತ್ರೆ ತೋರಿಸಿದೆ, ಅದನ್ನು ಮಗುಚಿ ಹಾಕಿದೆ. ಮಾವ ನನಗೆ ದೂರ ಹೋಗು ಎಂದು ಕೈ ಬೀಸಿದ. ಆಮೇಲೆ ಪುಡಿ ತುಂಬಿದ ಮೊರ ಎತ್ತಿದ.

ಮೊದಲ ಮೊರಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಡ್ರಮ್ಮು ಹಾಲಿನ ಹಾಗೆ ಉಕ್ಕಿತು. ಮಾವ ಮುಖ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಕೈಗಳು ಮೊಣಕೈವರೆಗೂ ಕಪ್ಪಾದವು. ಅವನ ಗಂಟಲಿನಿಂದ ಬಂದ ಸದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಉಡುಪಿಯ ಆಸ್ಪತ್ರೆಯಲ್ಲಿ ಎರಡು ಕೈಗಳಿಗೂ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಮೂರನೆಯ ದಿನ ಲೆಕ್ಚರರ್ ಕಿತ್ತಳೆ ಹಣ್ಣು ತಂದರು. ಅಮ್ಮ ಅವರ ಎದುರು ನಿಂತು ಮೆಲ್ಲನೆ ಕೇಳಿದರು, "ಇವನಿಗೆ ಮಾತು ಅಂತ ಇದ್ದದ್ದು ಆ ಕೈಯೇ ಅಲ್ವಾ ಸರ್? ಇನ್ನು ಎಂತ ಮಾಡುವುದು?"

ಅವರು ನನ್ನ ಕಡೆ ತಿರುಗಿ, "ಮಳೆಗಾಲ ಕಳೆಯಲಿ, ಲ್ಯಾಬಿನ ಕೆಲಸದ ವಿಷಯ ನೋಡೋಣ ಅಂತ ಹೇಳಮ್ಮ ಅವನಿಗೆ," ಎಂದರು. ನಾನು ಕೈಗಳನ್ನು ಲಂಗದ ಹಿಂದೆ ಕಟ್ಟಿಕೊಂಡೆ. ಮಾವ ಮಂಚದಿಂದ ನನ್ನನ್ನೇ ನೋಡುತ್ತಿದ್ದ.

"ಹೇಳಿದೆಯಾ?"

"ಹೇಳಿದೆ ಸರ್."

ಅವರು ಮತ್ತೆ ಬರಲಿಲ್ಲ. ಅಮ್ಮ ಬರೆಯಿಸಿದ ಎರಡು ಕಾಗದಗಳಿಗೆ ಉತ್ತರವೂ ಬರಲಿಲ್ಲ.

ಕೃಷ್ಣಾಷ್ಟಮಿಯ ಹೊತ್ತಿಗೆ ಬಟ್ಟೆ ಬಿಚ್ಚಿದರು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಎಡಗೈಯಲ್ಲಿ ಎರಡು ಬೆರಳು ಆಡುತ್ತಿದ್ದವು. ಆ ಎರಡು ಬೆರಳಿನಲ್ಲೇ ಮಾತಾಡಬಹುದೆಂದು ನಾನು ಅಂದುಕೊಂಡಿದ್ದೆ. ಮಾವ ಅಮ್ಮನಿಗೆ ನೀರು ಬೇಕೆಂದು ತೋರಿಸುತ್ತಿದ್ದ, ಪಕ್ಕದ ಮನೆಯವರಿಗೆ ತಲೆ ಆಡಿಸುತ್ತಿದ್ದ. ನಾನು ಎದುರು ಕೂತು ಕೈ ಎತ್ತಿದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಿವಿ ಕೇಳದವನು ಮಾತು ಬಿಡುವುದು ಹಾಗೆ. ಹತ್ತಿರ ಹತ್ತಿರ ಒಂಬತ್ತು ವರ್ಷ, ನನ್ನ ಮದುವೆಯ ದಿನವೂ ಸೇರಿ, ಅವನು ನನ್ನ ಎದುರು ಹಾಗೆಯೇ ಕೂತ.

ಆ ಒಂದು ಫರ್ಲಾಂಗು ಮಾತ್ರ ಎಷ್ಟೋ ಮಳೆ ತಡೆಯಿತು. ಅಲ್ಲಿಗೆ ಬಂದಾಗ ಬಸ್ಸಿನ ಕುಲುಕಾಟ ನಿಲ್ಲುತ್ತಿತ್ತು, ಜನ ನೆಮ್ಮದಿಯಿಂದ ಉಸಿರು ಬಿಡುತ್ತಿದ್ದರು. ನಾನು ಟೀಚರ್ ಆದ ಮೇಲೆ ಒಂದು ಲೈಬ್ರರಿಯಲ್ಲಿ ಆ ಲೆಕ್ಚರರ ಪ್ರಬಂಧ ನನ್ನ ಕೈಗೆ ಸಿಕ್ಕಿತು. ಹೊಗೆಯ ಬಣ್ಣದಿಂದ ಹದ ತಿಳಿಯಬಹುದೆಂದು ಅದರಲ್ಲಿ ಒಂದು ಇಡೀ ಅಧ್ಯಾಯ ಉಂಟು. ಅದನ್ನು ಲೇಖಕರೇ ಗಮನಿಸಿದ್ದು ಎಂದು ಬರೆದಿತ್ತು. ಕಪಾಟಿನಲ್ಲಿ ಇದ್ದಲ್ಲೇ ಇಟ್ಟು ಬಂದೆ.

ಈಗ ರಸ್ತೆ ಅಗಲ ಮಾಡುವಾಗ ಆ ಡಾಮರನ್ನೂ ಅಗೆದು ಹಾಕಿದ್ದಾರೆ. ಮೊನ್ನೆ ಉಡುಪಿಯ ಒಂದು ಸಭೆಯಲ್ಲಿ ಭಾಷಣಕಾರರ ಪಕ್ಕ ನಿಂತು ಕೈಮಾತಿನಲ್ಲಿ ಹೇಳುತ್ತಿದ್ದ ಹುಡುಗಿಯನ್ನು ಕಂಡೆ. ಈಗ ಅದಕ್ಕೆ ಓದು, ಪರೀಕ್ಷೆ, ಸಂಶೋಧನೆ ಎಲ್ಲಾ ಉಂಟಂತೆ. "ಹೇಳಿದ್ದನ್ನಷ್ಟೇ ಹೇಳಬೇಕು ಮೇಡಂ, ನಮ್ಮದು ಅಂತ ಒಂದು ಮಾತೂ ಸೇರಿಸಬಾರದು. ಅದೇ ಮೊದಲ ಪಾಠ," ಎಂದಳು. ನಾನು ಹೌದಾ ಎಂದೆ.

ಆ ಒಂಬತ್ತನೆಯ ವರ್ಷ, ಮಾವ ಸಾಯುವ ಮೊದಲಿನ ವಾರ ನಾನು ಅವನ ಹಾಸಿಗೆಯ ಬಳಿ ಕೂತಿದ್ದೆ, ಅಮ್ಮ ಬಾಗಿಲ ಬಳಿ ಬೀಡಿ ಕಟ್ಟುತ್ತಿದ್ದರು. ಆ ದಿನ ಅವನು ಕಣ್ಣು ಮುಚ್ಚಲಿಲ್ಲ. ನನ್ನ ಕೈಗಳನ್ನೇ ನೋಡುತ್ತಾ ಇದ್ದ. ಮೀನು, ಮಳೆ, ಗಂಜಿ, ಅಮ್ಮ, ನಗು, ಎಲ್ಲದಕ್ಕೂ ನಮ್ಮಲ್ಲಿ ಸನ್ನೆ ಇತ್ತು. ತಪ್ಪಾಯಿತು ಎನ್ನುವುದಕ್ಕೆ ಇರಲಿಲ್ಲ, ನಮಗೆ ಅದು ಬೇಕಾಗಿಯೇ ಇರಲಿಲ್ಲ. ನಾನು ಏನೇನೋ ಮಾಡಿದೆ. ಎದೆ ಮುಟ್ಟಿಕೊಂಡೆ, ಅವನ ಕಾಲು ಹಿಡಿದೆ, ಕೆನ್ನೆಗೆ ಹೊಡೆದುಕೊಂಡೆ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನೀರು ಬೇಕು ಎಂದು ಅಮ್ಮನಿಗೆ ತೋರಿಸಿದ.