ಸಿರುಗುಪ್ಪಕ್ಕೆ ಸಹಿ ಕೇಳಲು ಹೋದದ್ದು

ಭಾವ ಹೊಡೆದ ಮೊದಲ ಏಟಿಗೆ ನನ್ನ ಮಗಳ ಕಿವಿಯೋಲೆಯ ತಿರುಪು ಕಳಚಿ, ಪಡಸಾಲೆಯಲ್ಲಿ ಬಿದ್ದಿದ್ದ ಶೇಂಗಾ ಸಿಪ್ಪೆಗಳ ನಡುವೆ ಉರುಳಿಕೊಂಡು ಹೋಯಿತು. ಅಷ್ಟು ಗದ್ದಲದಲ್ಲೂ ನನ್ನ ಕಣ್ಣು ಅದರ ಹಿಂದೆಯೇ ಹೋಯಿತು.

ನಾವು ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ನನ್ನ ಗಂಡನ ಅಣ್ಣನ ಆ ಮನೆಗೆ ಹೋಗಿದ್ದು ಒಂದು ಸಹಿಗಾಗಿ. ಪಿಯುಸಿ ಮುಗಿಸಿದ ಮಗಳಿಗೆ ಹೈದರಾಬಾದಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿಗೆ ಸೀಟು ಸಿಕ್ಕಿತ್ತು. ಫೀಜು, ಹಾಸ್ಟೆಲು ಸೇರಿ ಹನ್ನೆರಡು ಲಕ್ಷ. ಅಷ್ಟು ದೊಡ್ಡ ಸಾಲಕ್ಕೆ ಹೊಲದ ಜಾಮೀನು ಬೇಕೆಂದು ಬ್ಯಾಂಕಿನವರು ಹೇಳಿದ್ದರು. ಕರೂರಿನಲ್ಲಿದ್ದ ಮನೆತನದ ಗದ್ದೆ ಅಣ್ಣತಮ್ಮಂದಿರ ನಡುವೆ ಇನ್ನೂ ಪಾಲಾಗಿರಲಿಲ್ಲ. ಅಣ್ಣನನ್ನು ಕೇಳದೆ ನನ್ನ ಗಂಡ ಎಲ್ಲಿಯೂ ಪೆನ್ನು ಊರಿದವರಲ್ಲ.

ಮೊದಮೊದಲು ಭಾವ ನಗುತ್ತಲೇ ಇದ್ದರು. ಸುಗ್ಗಿ ಬಂದಾಗಲೆಲ್ಲ ಮಿಲ್ಲಿಗೆ ಭತ್ತ ಹಾಕಿ, ಮಿಲ್ಲಿನವರು ತೇವಕ್ಕೆಂದು, ಕಸಕ್ಕೆಂದು ತೂಕದಲ್ಲಿ ಮುರಿದುಕೊಂಡು ಕೊಟ್ಟ ದುಡ್ಡು ಎಣಿಸಿಕೊಂಡು ಬರುವವರು ಅವರು.

"ಆತು ತಗೋವಾ. ನಿನ್ನ ಡಿಗ್ರೀನ ಒಂದು ಚೀಲ ಭತ್ತ ಅಂತ ತಿಳ್ಕೊ. ತೇವ ಕಡದು, ಕಸ ಕಡದು, ಕೈಗೆ ಎಷ್ಟು ಉಳಿತೈತಿ ಹೇಳು ನೋಡೂಣು."

ಅವಳು ನೆಟ್ಟಗೆ ಕೂತು ಹೇಳಿದಳು. "ಶುರುವಿಗೆ ಮೂವತ್ತು ಸಾವಿರ ಪಗಾರ ಅಂತ ಹಿಡೀರಿ ದೊಡ್ಡಪ್ಪಾ. ರೂಮಿನ ಬಾಡಿಗಿ, ಮೆಸ್ಸು, ಬಸ್ಸು ಕಡದ್ರ ಉಳಿಯೋದು ಅರ್ಧ ಕಂತಿಗೂ ಸಾಲಂಗಿಲ್ಲ. ಮೂರು ವರ್ಷ ಆದ ಮ್ಯಾಲೆ ಪಗಾರ ಏರ್ತೈತಿ."

"ಅಲ್ಲೀಮಟ ಯಾರು ಕಟ್ಟಬೇಕು? ನಿಮ್ಮಪ್ಪನ ಅಂಗಡ್ಯಾಗ ಏನು ಬರ್ತೈತಿ ಅಂತ ನನಗ ಗೊತ್ತಿಲ್ಲೇನು?"

ಅಲ್ಲಿಗೆ ಅವಳು ಸುಮ್ಮನಾಗಬಹುದಿತ್ತು. ಆದರೆ ಅದೇ ದುಡ್ಡು ಬೇರೆ ಕಡೆ ಹಾಕಿದರೆ ಏನು ಬರುತ್ತದೆ ಎಂದೂ ನೋಡಬೇಕು ಅಂತ ಅವಳ ಪುಸ್ತಕಗಳು ಹೇಳಿಕೊಟ್ಟಿದ್ದವು. ಹೋದ ವರ್ಷ ಮದುವೆಯಾದ ಭಾವನ ಮಗಳು ಅಡುಗೆಮನೆ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದು ತಿಂಗಳ ಮೇಲಾಗಿತ್ತು. ಮುಂದಿನ ಹಲ್ಲು ಮುರಿದಿತ್ತು. ಬಚ್ಚಲಲ್ಲಿ ಜಾರಿದಳು ಎಂದು ಮನೆಯವರೆಲ್ಲ ಹೇಳುತ್ತಿದ್ದರು.

"ಅಕ್ಕನ ಮದುವಿಗೆ ಇದಕ್ಕಿಂತ ಜಾಸ್ತಿ ಸಾಲ ಮಾಡೀರಿ ದೊಡ್ಡಪ್ಪಾ," ಅಂದಳು ನನ್ನ ಮಗಳು. "ಆವಾಗ ತೇವ ಎಷ್ಟು ಕಡದ್ರಿ? ಕೈಗೇನು ಬಂತು? ಮುರದ ಹಲ್ಲು."

ಏಟು ಬಿದ್ದದ್ದು ಆಗಲೇ. ಅಂಗೈ ಅಗಲಿಸಿ, ಎಡಗೆನ್ನೆ ಕಿವಿ ಎರಡೂ ಸೇರುವಂತೆ. ಅವಳು ಗೋಡೆಗೆ ಬಡಿದು ಕೆಳಗೆ ಕುಸಿದಳು. ಭಾವ ಜಡೆ ಹಿಡಿದು ಎಳೆದು, ಬಾಗಿಲ ಬಳಿಯ ಚಪ್ಪಲಿಯಿಂದ ಬೆನ್ನಿಗೆ ಬಾರಿಸಿದರು. "ನನ್ನ ಮಗಳ ಹೆಸರು ಎತ್ತತೀಯೇನಲೇ? ನಾಲಿಗಿ ಕೀಳತೀನಿ!" ನಾನು ಓಡಿದೆ. ನನ್ನ ಗಂಡ ಅಣ್ಣನ ಕೈ ಹಿಡಿಯುವುದು ಬಿಟ್ಟು ನನ್ನ ಮಣಿಕಟ್ಟು ಹಿಡಿದರು. "ನೀ ನಡುವೆ ಹೋಗಬ್ಯಾಡ" ಅಂದರು. ಕಾನ್ವೆಂಟಿನಲ್ಲಿ ಜೋರಾಗಿ ನಗುವುದನ್ನೂ ಬಿಟ್ಟು ಬೆಳೆದವಳು ನಾನು. ಆ ಕೈಯನ್ನು ಕಚ್ಚಿದೆ. ಬಾಯಿಗೆ ಉಪ್ಪು ಬರುವವರೆಗೆ ಕಚ್ಚಿದೆ.

ಭಾವ ಸ್ಟೀಲಿನ ಚೊಂಬು ಎತ್ತಿದ್ದರು. ಆಗ ಅವರ ಮಗಳು ಅಕ್ಕಿ ಚೆಲ್ಲಿ ಎದ್ದು ಬಂದು ಎದುರಿಗೆ ನಿಂತಳು. ಬೆರಳಿನಿಂದ ಮೇಲ್ದುಟಿ ಎತ್ತಿ ತೋರಿಸಿದಳು.

"ಹೊಡಿಯಪ್ಪಾ. ಇಲ್ಲಿ ಹೊಡಿ. ಅವ ಹೊಡದ ಜಾಗದಾಗ ನೀನೂ ಹೊಡಿ."

ಭಾವ ಚೊಂಬನ್ನು ಗೋಡೆಗೆ ಬಡಿದರು, ಗಾರೆ ಉದುರಿತು. ಆಮೇಲೆ ಅದರಿಂದ ತಮ್ಮ ಹಣೆಯನ್ನೇ ಚಚ್ಚಿಕೊಳ್ಳತೊಡಗಿದರು. ಹುಬ್ಬಿನ ಮೇಲಿಂದ ರಕ್ತ ಇಳಿದು ಅಕ್ಕಿಯ ಮೇಲೆ ಬೀಳುತ್ತಿತ್ತು.

ಮಗಳ ಎಡಗಿವಿಯ ತಮಟೆ ಹರಿದಿದೆ ಎಂದು ಸಿರುಗುಪ್ಪದ ಡಾಕ್ಟರು ಹತ್ತಿ ಇಟ್ಟು ಕಳಿಸಿದರು. ಗಂಡ ಅಣ್ಣನನ್ನು ಸಮಾಧಾನ ಮಾಡಲು ಅಲ್ಲಿಯೇ ಉಳಿದರು. ನಾವಿಬ್ಬರೂ ಬಸ್ಸು ಹತ್ತಿ ನನ್ನ ತವರಾದ ಕುರುಗೋಡಿಗೆ ಬಂದೆವು.

ಅವಳ ಮುಖ ನೋಡಿದ್ದೇ ನನ್ನ ತಮ್ಮ ಕೊಡಲಿ ತೆಗೆದುಕೊಂಡು ಬೈಕಿಗೆ ಕಿಕ್ ಹೊಡೆದ. "ಅವನ ಕೈ ಕಡದು ಬರ್ತೀನಿ, ಸರೀರಿ!"

ಮಗಳು ಬೈಕಿಗೆ ಅಡ್ಡ ನಿಂತಳು. "ಮಾವಾ, ನೀ ಜೈಲಿಗೆ ಹೋದ್ರ ವಕೀಲರಿಗೆ ಸುರಿಯೋ ರೊಕ್ಕದಾಗ ನಾ ಎರಡು ಡಿಗ್ರಿ ಮಾಡ್ತೀನಿ."

"ಎಲಾ ಇಕಿನ! ಏಟು ತಿಂದ್ರೂ ಲೆಕ್ಕ ಬಿಟ್ಟಿಲ್ಲ ನೋಡಕ್ಕಾ," ಎಂದ ತಮ್ಮ. ಆದರೂ ಸಿಟ್ಟು ಇಳಿದಿರಲಿಲ್ಲ. ಕೊಡಲಿಯನ್ನು ಸೌದೆಯ ದಿಮ್ಮಿಗೆ ಹಿಡಿ ನಡುಗುವಂತೆ ಬೀಸಿ ಬಂದು ಕೂತ. "ಈಗ ಖರೇ ಹೇಳು. ಅಷ್ಟು ಸಾಲಕ್ಕ ಆ ಓದು ತೂಗತೈತೇನು?"

ಅವಳು ಕಿವಿಯ ಹತ್ತಿಯನ್ನು ಒತ್ತಿಕೊಂಡಳು.

"ಹೈದರಾಬಾದಂದು ತೂಗಂಗಿಲ್ಲ ಮಾವಾ. ದೊಡ್ಡಪ್ಪ ಕೇಳಿದ್ದು ತಪ್ಪಲ್ಲ. ಹೊಡದದ್ದು ತಪ್ಪು. ಅಕ್ಕನ ಹಲ್ಲಿನ ಮಾತು ನಾನೂ ಆಡಬಾರದಿತ್ತು." ಮೂಗು ಒರೆಸಿಕೊಂಡಳು. "ಧಾರವಾಡದಾಗ ಸರ್ಕಾರಿ ಸೀಟು ಐತಿ. ಇದೇ ಓದು, ಸಾಲ ಮೂರೇ ಲಕ್ಷ. ಅದಕ್ಕ ಯಾರ ಹೊಲಾನೂ ಬ್ಯಾಡ, ಅಪ್ಪಂದೊಂದು ಸಹಿ ಸಾಕು." ಹೊಡೆತಕ್ಕೆ ಅಳದವಳು ಆಗ ಅತ್ತಳು.

ಸಂಜೆ ಗಂಡನ ಫೋನು ಬಂತು. ಅಣ್ಣ ಊಟ ಬಿಟ್ಟು ಕೂತಿದ್ದಾನೆ, ಮಗಳು ಒಂದು ಮಾತು ಕ್ಷಮೆ ಕೇಳಿಬಿಟ್ಟರೆ ಮುಗಿಯಿತು, ಅಂದರು. ಅವಳು ಫೋನು ಇಸಿದುಕೊಂಡಳು.

"ಅಪ್ಪಾ, ಸಹಿ ಮಾಡೂದಾದ್ರ ಸೋಮವಾರ ಬಳ್ಳಾರಿ ಬ್ಯಾಂಕಿಗೆ ಬಾ. ರಾಜಿ ಮಾಡಸಾಕಾದ್ರ ಬರಬ್ಯಾಡ."

ಬಂದರು. ನಮಗಿಂತ ಮೊದಲೇ ಬಂದು ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಒಳಗೆ ಅಧಿಕಾರಿ ಕಾಗದ ತಿರುವುತ್ತಾ, "ಓದು ಮುಗಿದ ಮೇಲೆ ಕಂತು ಕಟ್ಟೋದಕ್ಕೆ ಆಗುತ್ತೇನಮ್ಮಾ?" ಎಂದು ಕೇಳಿದರು. ಅವರು ಕೂತಿದ್ದು ಅವಳ ಎಡಕ್ಕೆ. ಅವಳಿಗೆ ಕೇಳಿಸಲಿಲ್ಲ. ನನ್ನ ಗಂಡ ಕುರ್ಚಿ ಬಿಟ್ಟೆದ್ದು ಅವಳ ಬಲಕ್ಕೆ ಬಂದು, ಬಗ್ಗಿ, ಅದೇ ಪ್ರಶ್ನೆಯನ್ನು ಮೆಲ್ಲಗೆ ಮತ್ತೆ ಕೇಳಿದರು.

"ಕಟ್ಟತೀನಿ ಸರ್," ಎಂದಳು ಅಧಿಕಾರಿಯ ಕಡೆ ತಿರುಗಿ. "ಮೊದಲನೇ ಪಗಾರದಿಂದ."

ನನ್ನ ಗಂಡ ಅಲ್ಲಿಯೇ, ಅವಳ ಬಲಕ್ಕೆ ನಿಂತುಕೊಂಡೇ ಸಹಿ ಮಾಡಿದರು.