ಕಾಕು ಹೇಳಿದ್ದನ್ನು ನಾನು ಬರೆದುಕೊಳ್ಳಲಿಲ್ಲ

ಇದು ನಡೆದು ಎರಡು ವರ್ಷವಾಯಿತು. ನಮ್ಮ ಕಡೆ ಆಗ ದ್ರಾಕ್ಷಿ ಕಟಾವು ಶುರುವಾಗಿತ್ತು.

ನಾನು ಮಹಾರಾಷ್ಟ್ರದ ಮಿರಜಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ಎದೆಯ ಎಲುಬು ಸೀಳದೆ, ಪಕ್ಕೆಯಲ್ಲಿ ಸಣ್ಣದಾಗಿ ಕೊಯ್ದು ಹೃದಯಕ್ಕೆ ಕೃತಕ ಕವಾಟ ಕೂರಿಸಿದ ರೋಗಿಗಳು ಮುಂದೆ ಹೇಗಿರುತ್ತಾರೆ ಎಂದು ನೋಡುವುದು ನಮ್ಮ ಅಧ್ಯಯನ. ನಾನು ಡಾಕ್ಟರಲ್ಲ. ಪ್ರತಿ ತಿಂಗಳು ರೋಗಿಗಳಿಗೆ ಫೋನ್ ಮಾಡಿ, ಅಚ್ಚಾದ ಹಾಳೆಯಲ್ಲಿರುವ ಪ್ರಶ್ನೆ ಕೇಳಿ, ಉತ್ತರ ತುಂಬುವವಳು. ನಮ್ಮ ವಿಭಾಗದಲ್ಲಿ ಮನೆಮಾತು ಕನ್ನಡವಿರುವುದು ನನಗೊಬ್ಬಳಿಗೇ. ಹಾಗಾಗಿ ಬೇಡಗ, ಮಾಲಗಾಂವ ಕಡೆಯ ಕನ್ನಡದ ಮನೆಗಳೆಲ್ಲ ನನ್ನ ಪಾಲಿಗೆ ಬಂದಿದ್ದವು.

ಅವರಲ್ಲಿ ಬೇಡಗದ ಪದ್ಮಾ ಕಾಕು ಒಬ್ಬರು; ಚಿಕ್ಕಮ್ಮನ ವಯಸ್ಸಿನವರನ್ನು ನಮ್ಮ ಕಡೆ ಕಾಕು ಎನ್ನುತ್ತೇವೆ. ಐವತ್ತರ ಆಸುಪಾಸಿನವರು. ಚಿಕ್ಕವರಿದ್ದಾಗ ಬಂದ ಜ್ವರ, ಕೀಲುನೋವಿನಿಂದ ಹೃದಯದ ಕವಾಟ ಕೆಟ್ಟು, ನಮ್ಮಲ್ಲಿ ಲೋಹದ ಕವಾಟ ಹಾಕಿಸಿಕೊಂಡಿದ್ದರು. ಅಂಥ ಕವಾಟ ತೆರೆದು ಮುಚ್ಚುವಾಗ ಗಡಿಯಾರದಂತೆ ಸದ್ದು ಬರುತ್ತದೆ. "ಮಲಗಿದ್ರ ಕಿವಿಯಾಗ ಟಿಕ್ ಟಿಕ್ ಅಂತೇತಿ ಯವ್ವಾ, ನಮ್ಮ ಮಂದಿಗೂ ಕೇಳಸ್ತೇತಿ" ಎಂದು ಪ್ರತಿ ಸಲ ನಗುತ್ತಿದ್ದರು. ತೋಟ, ಸೊಸೆ, ಎಮ್ಮೆ ಎಲ್ಲದರ ಸುದ್ದಿಯೂ ಬರಬೇಕು. ನಿಜ ಹೇಳುತ್ತೇನೆ, ಅವರು ಮಾತಾಡುತ್ತಿದ್ದರೆ ನಾನು ಫೋನನ್ನು ಸ್ಪೀಕರಿಗೆ ಹಾಕಿ ಬೇರೆಯವರ ಹಾಳೆ ತುಂಬುತ್ತಿದ್ದೆ.

ಆ ದಿನ ನಾಲ್ಕು ಗಂಟೆಯೊಳಗೆ ಎಲ್ಲ ಹಾಳೆಗಳನ್ನೂ ಅಧ್ಯಯನ ನಡೆಸುವ ಡಾಕ್ಟರಿಗೆ ಕೊಡಬೇಕಿತ್ತು. ಇನ್ನೂ ಹತ್ತಾರು ಫೋನ್ ಬಾಕಿ. ಕಾಕುಗೆ ಫೋನ್ ಹಚ್ಚಿ, "ಆರಾಮ ಅದೀರೇನ್ರಿ ಕಾಕು?" ಎಂದೆ.

"ಆರಾಮ ಅದೇನಿ ನೋಡವ್ವಾ. ಆ ಟಿಕ್ ಟಿಕ್ ಈಗ ಬಂದ್ ಆಗೇತಿ. ಮೂರ ದಿವಸ ಆತು. ಛಲೋ ನಿದ್ದಿ ಹತ್ತೇತಿ."

"ಛಲೋ ಆತಲ್ರಿ. ಕಿವಿಗೆ ರೂಢಿ ಆಗಿರಬೇಕು."

"ಇನ್ನೊಂದ ಹೇಳೂದ ಇತ್ತು ಯವ್ವಾ..."

"ಮುಂದಿನ ಸಲ ಹೇಳ್ರಿ ಕಾಕು, ಇವತ್ತ ಭಾಳ ಗಡಬಡಿ ಐತಿ" ಎಂದು ಫೋನ್ ಇಟ್ಟೆ. ಹಿಂದಿನ ತಿಂಗಳ ಹಾಳೆ ನೋಡಿಕೊಂಡು ಎಲ್ಲ ಪ್ರಶ್ನೆಗಳ ಮುಂದೆ ಅದನ್ನೇ ಇಳಿಸಿದೆ. ಗುಳಿಗೆ ತಪ್ಪಿಸಿದ್ದಾರೆಯೇ? ಇಲ್ಲ. ದಮ್ಮು? ಇಲ್ಲ. ಕವಾಟದ ಸದ್ದಿನಲ್ಲಿ ವ್ಯತ್ಯಾಸ? ಇಲ್ಲ.

ಆ ಕೊನೆಯ ಪ್ರಶ್ನೆ ಯಾಕಿದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸಕ್ಕೆ ಸೇರಿದ ವಾರವೇ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು: ಸದ್ದು ನಿಂತಿತು ಅಥವಾ ಮಂದವಾಯಿತು ಎಂದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಕರೆಸಬೇಕು. ಕಾಕು ನಗುನಗುತ್ತಾ ಹೇಳಿದ್ದಕ್ಕೋ ಏನೋ, ನನಗೆ ಅದು ಹೊಳೆಯಲೇ ಇಲ್ಲ.

ಆ ಫೋನ್ ಆದ ಒಂಬತ್ತನೆಯ ದಿನ ಮುಂಜಾನೆ ನಾನು ಕೆಲಸಕ್ಕೆ ಬರುವ ಹೊತ್ತಿಗೆ ಕಾಕುವನ್ನು ಜೀಪಿನಿಂದ ಇಳಿಸುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಒಂದು ಮಾತಿಗೆ ಮೂರು ಸಲ ಉಸಿರೆಳೆಯುತ್ತಿದ್ದರು. ನನ್ನನ್ನು ಕಂಡು ಕೈ ಎತ್ತಿದರು, ಗುರುತಿನವಳು ಸಿಕ್ಕಳು ಎಂಬ ಸಮಾಧಾನ ಆ ಮುಖದಲ್ಲಿತ್ತು.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿ, "ಸದ್ದು ಯಾವಾಗ ನಿಂತಿತು?" ಎಂದು ಮರಾಠಿಯಲ್ಲಿ ಕೇಳಿದರು.

ಕಾಕುವಿನ ಯಜಮಾನರು ಭೂಪಾಲ ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದರು: "ಹನ್ನೆರಡ ದಿವಸ ಆತಲ್ರಿ. ಈಕಿ ನಿಮಗ ಫೋನಿನ್ಯಾಗ ಹೇಳ್ಯಾಳ. ಹಲ್ಲ ಕೀಳಸೂದಕ್ಕ ಅಂತ ರಕ್ತ ತೆಳು ಮಾಡೂ ಗುಳಿಗಿ ಬಿಟ್ಟಿದ್ಲು. ತಿರಗಿ ಯಾವಾಗ ಸುರು ಮಾಡಬೇಕಂತ ನಿಮ್ಮನ್ನ ಕೇಳತೇನಿ ಅಂದಿದ್ಲು. ಡಾಕ್ಟರ್‌ಗ ನೀವ ಹೇಳ್ರಿ."

ದೂರಿನ ದನಿಯೇ ಅಲ್ಲ. ಡಾಕ್ಟರಿಗೆ ಅದನ್ನು ಮರಾಠಿಯಲ್ಲಿ ಹೇಳಬೇಕಾದವಳು ನಾನು. ಹೇಳಿದೆ, ಒಂದು ಅಕ್ಷರ ಬಿಡದೆ. ಡಾಕ್ಟರು ಕಾಕುವನ್ನು ಮಲಗಿಸಿದ್ದ ಗಾಡಿ ತಳ್ಳಿಕೊಂಡು ಒಳಗೆ ಹೋದರು.

ಹೆಪ್ಪು ಕರಗಿಸುವ ಔಷಧ ಕೊಟ್ಟರು. ಕವಾಟ ಮತ್ತೆ ಆಡತೊಡಗಿತು, ಜೀವ ಉಳಿಯಿತು. ಆದರೆ ಹೆಪ್ಪಿನ ಒಂದು ತುಣುಕು ಮಿದುಳಿಗೆ ಹೋಗಿತ್ತು. ಕಾಕುವಿನ ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು.

ಮರುದಿನ ಡಾಕ್ಟರು ನನ್ನನ್ನು ಕರೆದು ಆ ಹಾಳೆಯನ್ನು ಮುಂದಿಟ್ಟರು. ಬೈಯಲಿಲ್ಲ. "ಅಳಿಸಬೇಡ. ತಪ್ಪಿನ ಮೇಲೆ ಒಂದು ಗೆರೆ ಎಳೆ, ಪಕ್ಕದಲ್ಲಿ ನಿಜ ಬರೆದು ಸಹಿ ಮಾಡು. ಅಧ್ಯಯನದ ಮೇಲೆ ಕಣ್ಣಿಡುವ ಸಮಿತಿಗೆ ನಾನೂ ಬರೆಯುತ್ತೇನೆ" ಎಂದರು. ಹಾಗೆಯೇ ಬರೆದು ಸಹಿ ಮಾಡಿದೆ. ಅವತ್ತೇ ಕರೆಸಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಖಾತ್ರಿಯಾಗಿ ಹೇಳಲಾರೆ. ಆದರೆ ಅವಕಾಶ ಹೆಚ್ಚಿತ್ತು" ಎಂದರು. ಅವರು ಸುಳ್ಳು ಸಮಾಧಾನ ಹೇಳುವವರಲ್ಲ.

ಮೂರು ತಿಂಗಳ ಮೇಲೆ ರಜೆ ಹಾಕಿ ಬೇಡಗಕ್ಕೆ ಹೋದೆ. ಕಾಕು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಕಾಕಾ, "ಬರ್ರಿ ಬಾಯಾರ, ಕುಂದ್ರಿ" ಎಂದು ಚಹಾ ಹೇಳಿದರು. ನಾನು ಚಹಾ ಬರುವ ಮೊದಲೇ ಹೇಳಿಬಿಟ್ಟೆ: ಅವರು ಹೇಳಿದ್ದನ್ನು ನಾನು ಬರೆಯಲಿಲ್ಲ, ಕೇಳದ ಪ್ರಶ್ನೆಗೆ ಉತ್ತರ ತುಂಬಿದೆ, ಡಾಕ್ಟರಿಗೆ ತಿಳಿಸಬೇಕಾದದ್ದು ತಿಳಿಸಲಿಲ್ಲ.

ಕಾಕಾ, "ಈಕಿ ನಿಮ್ಮ ಫೋನ್ ಬರೂದನ್ನ ತಿಂಗಳತನಾ ಕಾಯತಿದ್ಲ್ರಿ" ಎಂದಷ್ಟೇ ಅಂದು ತೋಟದ ಕಡೆ ಎದ್ದು ಹೋದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾನು ಕಾಕುವಿನ ಕಾಲ ಬಳಿ ಕೂತೆ. ಅವರು ಎಡಗೈಯಿಂದ ನನ್ನ ಭುಜ ಹಿಡಿದು ಏನೋ ಹೇಳಲು ಹೊರಟರು. ಬರೀ "ಆ... ಆ" ಎಂದು ಬಂತು. ಎರಡು ಸಲ, ಮೂರು ಸಲ. ಆಮೇಲೆ ಸೋತು, ಕಣ್ಣು ತುಂಬಿಕೊಂಡು ಮುಖ ಆಚೆ ತಿರುಗಿಸಿದರು. ಸೊಸೆ ತಂದ ಚಹಾ ನನ್ನ ಕೈಯಲ್ಲೇ ಆರಿತು.

ಅದು ಕ್ಷಮೆಯೋ, "ಹಿಂಗ ಯಾಕ ಮಾಡಿದಿ" ಎಂಬ ಪ್ರಶ್ನೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಷಮೆಯೇ ಇರಬೇಕೆಂದು ಎಷ್ಟೋ ಜನ ಹೇಳಿದ್ದಾರೆ. ಆದರೆ ನನಗೆ ಅನುಕೂಲವಾದ ಉತ್ತರವನ್ನು ಕಾಕುವಿನ ಹೆಸರಿನ ಮುಂದೆ ನಾನೇ ತುಂಬಿಕೊಳ್ಳಲು ಇನ್ನೊಮ್ಮೆ ಮನಸ್ಸು ಬರುವುದಿಲ್ಲ.