ಆರಾಮ ಇಲ್ಲದ ಸಾಹೇಬರು

ಗೆಳೆಯರೇ, ನಮ್ಮ ಬೈಲಹೊಂಗಲದ ಆಫೀಸಿನ ಗುಮಾಸ್ತ ಈರಪ್ಪ ಇವತ್ತು ಮೈತುಂಬ ಜ್ವರ ಹೊತ್ತು, ಅರ್ಧ ದಿನದ ರಜೆ ಕೇಳಲು ಹೊಸ ಸಾಹೇಬರ ಮುಂದೆ ನಿಂತ. ಸಾಹೇಬರು ಮಂಡ್ಯದ ಕಡೆಯವರು. ‘ಸಿಬ್ಬಂದಿಯೊಡನೆ ಆತ್ಮೀಯ ಮಾತುಕತೆ’ ಎಂಬ ತರಬೇತಿ ಮುಗಿಸಿ ನಿನ್ನೆಯಷ್ಟೇ ಮರಳಿದ್ದಾರೆ.

“ಆರಾಮ ಇಲ್ರಿ ಸರ್” ಎಂದ ಈರಪ್ಪ.

ನಮ್ಮ ಕಡೆ ಹಾಗೆಂದರೆ ಮೈ ಸರಿಯಿಲ್ಲ ಎಂದರ್ಥ. ಸಾಹೇಬರ ಕಡೆ ಆರಾಮವೆಂದರೆ ಬಿಡುವು. ಆತ್ಮೀಯವಾಗಿ ನಕ್ಕು, “ನನಗೆ ಮಾತ್ರ ಎಲ್ಲಿದೆಯಪ್ಪಾ? ಇಲ್ಲಿಗೆ ಬಂದು ಮೂರು ತಿಂಗಳಾಯ್ತು, ಒಂದು ದಿನಾನೂ ಆರಾಮ ಇಲ್ಲ” ಎಂದರು.

ಈರಪ್ಪ ತನ್ನ ಜ್ವರವನ್ನೇ ಮರೆತ. “ಮೂರ ತಿಂಗಳ? ಇಷ್ಟ ದಿನಾ ಮುಚ್ಚಿಟ್ಕೊಂಡ ಕುಂತೀರಲ್ರಿ. ಏಳ್ರಿ, ಗಾಡಿ ತಗೀತೇನಿ, ದವಾಖಾನಿಗೆ ಹೋಗೂಣು.”

ಪಕ್ಕದ ಮೇಜಿನ ಶಾಂತಕ್ಕ ಸೇರಿಸಿದಳು: “ಮಾರಿ ನೋಡಿದ್ರನ ಗೊತ್ತಾಗತೈತ್ರಿ, ಎಷ್ಟ ಸೊರಗೀರಿ.”

ಸಾಹೇಬರು ಬೇಡವೆನ್ನಲು ಬಾಯಿ ತೆರೆದರು. ಆದರೆ ಎದುರಿನವರ ಕಾಳಜಿಯನ್ನು ತಳ್ಳಿಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ತೆಪ್ಪಗೆ ಗಾಡಿ ಹತ್ತಿದರು.

ಡಾಕ್ಟರು ಈರಪ್ಪನಿಗೆ ಗುಳಿಗೆ ಕೊಟ್ಟು, ಸಾಹೇಬರಿಗೆ ಎರಡು ದಿನ ವಿಶ್ರಾಂತಿ ಬರೆದಿದ್ದಾರೆ. ಆರಾಮ ಇಲ್ಲದ ಇಬ್ಬರೂ ಮನೆಯಲ್ಲಿದ್ದಾರೆ. ಆಫೀಸಿನಲ್ಲಿ ಉಳಿದ ನಾವು, ಎರಡೂ ಕಡೆಯ ಅರ್ಥದಲ್ಲಿ, ಆರಾಮ.